ಸೈನಿಕನ ಬಿಡುಗಡೆ ಪತ್ರವೂ ಅವನ ಹೆಸರೂ

ಪತ್ರಿಕೆಯ ಕಚೇರಿಗೆ ಬರುವವರಲ್ಲಿ ಸುದ್ದಿಯನ್ನು ಹಾಕಿರೆಂದು ಕೇಳುವುದಕ್ಕೆ ಬರುವವರು ಕೆಲವರು. ಹಾಕಬೇಡಿರೆಂದು ಕೇಳುವುದಕ್ಕೆ ಬರುವವರು ಕೆಲವರು. ಈ ಎರಡು ಗುಂಪಿಗೂ ಸೇರದ ಮೂರನೆಯ ವರ್ಗವೊಂದುಂಟು. ಅವರು ಬಾಗಿಲ ಬಳಿಯ ಮೇಜಿನ ಮುಂದೆಯೇ ನಿಂತು, ನಾಲ್ಕು ಸಾಲಿನ ಜಾಹೀರಾತಿಗೆ ಹಣ ತೆತ್ತು, ರಸೀದಿ ಪಡೆದು, ಮರುದಿನದ ಸಂಚಿಕೆಯ ಎರಡು ಪ್ರತಿಗಳನ್ನು ಕೊಂಡು ಹೋಗುವರು. ಇದುವರೆಗೆ ಇಂಥ ಹೆಸರಿನಿಂದ ಕರೆಯಲ್ಪಡುತ್ತಿದ್ದ ನಾನು ಇನ್ನು ಮುಂದೆ ಇಂಥ ಹೆಸರಿನಿಂದ ಕರೆಯಲ್ಪಡತಕ್ಕದ್ದು ಎಂಬುದೇ ಆ ಜಾಹೀರಾತಿನ ಒಕ್ಕಣೆ. ವಾಚಕರಲ್ಲಿ ಹೆಚ್ಚಿನವರು ಆ ಅಂಕಣದ ಮೇಲೆ ಕಣ್ಣು ಹಾಯಿಸುವುದಿಲ್ಲ. ನಾವೂ ಬಹುಕಾಲ ಅದನ್ನು ಪತ್ರಿಕೆಯ ಆದಾಯದ ಒಂದು ಸಣ್ಣ ಬಾಬೆಂದೇ ಎಣಿಸಿದ್ದೆವು.

ಕೆಲವು ತಿಂಗಳ ಹಿಂದೆ ಸೈನ್ಯದಿಂದ ನಿವೃತ್ತರಾದ ವೃದ್ಧರೊಬ್ಬರು ಇಂಥದೇ ಜಾಹೀರಾತನ್ನು ತಂದರು. ಮೇಣಬಟ್ಟೆಯಲ್ಲಿ ಸುತ್ತಿದ್ದ ತಮ್ಮ ಬಿಡುಗಡೆ ಪುಸ್ತಕವನ್ನು ಬಿಚ್ಚಿ ತೋರಿಸಿದರು. ಅದರಲ್ಲಿ ಅವರ ಹೆಸರು ಒಂದು ವಿಧ; ಶಾಲೆಯ ಪತ್ರದಲ್ಲಿ ಇನ್ನೊಂದು ವಿಧ; ಆಧಾರ್ ಚೀಟಿಯಲ್ಲಿ ಮತ್ತೊಂದು ವಿಧ. ಭರ್ತಿಯಾದ ದಿನ ಕನ್ನಡವರಿಯದ ಬರಹಗಾರನೊಬ್ಬನು ಕಿವಿಗೆ ಬಿದ್ದಂತೆ ಬರೆದುಕೊಂಡನಂತೆ. ಊರಿನ ಹೆಸರನ್ನೇ ಮನೆತನದ ಹೆಸರಾಗಿ ಮಾಡಿದನಂತೆ. ಸೇವೆಯಲ್ಲಿದ್ದಷ್ಟು ಕಾಲ ಅದರಿಂದ ಬಾಧಕವೇನೂ ಆಗಲಿಲ್ಲ. ಈಗ ತಾವು ಕಣ್ಮುಚ್ಚಿದ ಮೇಲೆ ಮಡದಿಗೆ ಬರತಕ್ಕ ಕುಟುಂಬ ಪಿಂಚಣಿಯು ಈ ಅಕ್ಷರಭೇದದ ಮೂಲಕ ನಿಂತುಹೋದೀತೆಂಬುದೇ ಅವರ ಭಯ. ಶತ್ರುವಿನ ಗುಂಡು ತಮ್ಮ ಹೆಸರಿನ ಕಾಗುಣಿತವನ್ನು ವಿಚಾರಿಸಿ ಬರುತ್ತಿರಲಿಲ್ಲವೆಂದು ಅವರು ನಗುತ್ತ ಹೇಳಿದರು. ಆ ನಗೆಯು ನಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಅಂದಿನಿಂದ ಈ ವಿಷಯವನ್ನು ಕುರಿತು ನಾವು ಓದಿದುದನ್ನೂ ಯೋಚಿಸಿದುದನ್ನೂ ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ಸೈನ್ಯದಿಂದ ಬಿಡುಗಡೆಯಾಗುವಾಗ ಸಿಪಾಯಿಗೆ ದೊರೆಯುವ ಪತ್ರವು ಬೇರೆಯ ಪತ್ರಗಳಂಥದಲ್ಲ. ಅದು ಏಕಕಾಲದಲ್ಲಿ ಎರಡು ಕರ್ತವ್ಯಗಳನ್ನು ಹೊತ್ತಿರುತ್ತದೆ. ಮೊದಲನೆಯದಾಗಿ ಅದು ಸಾಕ್ಷಿ: ಇಂಥವನು ಇಂಥ ದಿನದಿಂದ ಇಂಥ ದಿನದ ವರೆಗೆ ಇಂಥ ದಳದಲ್ಲಿ ದುಡಿದು, ಮರ್ಯಾದೆಯಿಂದ ಹೊರಗೆ ಬಂದನೆಂದು ಸರಕಾರವು ನುಡಿಯುವ ಮಾತು. ಎರಡನೆಯದಾಗಿ ಅದು ಬೀಗದ ಕೈ: ಪಿಂಚಣಿ, ವೈದ್ಯೋಪಚಾರ, ಸಾಲ, ಮೀಸಲು ಹುದ್ದೆ, ಕಡೆಗೆ ಕೆಲವು ದೇಶಗಳಲ್ಲಿ ಸಮಾಧಿಯ ಮೇಲಣ ಕಲ್ಲು, ಇವೆಲ್ಲವುಗಳ ಬಾಗಿಲು ತೆರೆಯುವುದು ಇದರಿಂದಲೇ. ಸಾಕ್ಷಿಯು ಅಂದಿನ ದಿನವನ್ನು ನೋಡುತ್ತದೆ. ಬೀಗದ ಕೈಯು ಇಂದಿನ ದಿನವನ್ನು ನೋಡುತ್ತದೆ. ಸಿಪಾಯಿಯ ಹೆಸರು ಅಂದೂ ಇಂದೂ ಒಂದೇ ಆಗಿದ್ದರೆ ತಂಟೆಯಿಲ್ಲ. ಹೆಸರು ಬೇರೆಯಾಯಿತೆಂದರೆ ಈ ಎರಡು ಕರ್ತವ್ಯಗಳಿಗೂ ಜಗಳ ಹತ್ತುತ್ತದೆ. ದಫ್ತರದವನು ಸಾಕ್ಷಿಯನ್ನು ತಿದ್ದಲಾರೆನೆನ್ನುತ್ತಾನೆ. ಸಿಪಾಯಿಯು ಬೀಗದ ಕೈ ಬಾಗಿಲಿಗೆ ಹೊಂದುತ್ತಿಲ್ಲವೆನ್ನುತ್ತಾನೆ. ಇಬ್ಬರೂ ತಮ್ಮ ತಮ್ಮ ನೆಲೆಯಲ್ಲಿ ಸರಿಯೇ ಎಂಬುದರಲ್ಲಿ ಈ ವ್ಯಾಜ್ಯದ ಕಷ್ಟವೆಲ್ಲ ಅಡಗಿದೆ.

ಈ ವ್ಯಾಜ್ಯವನ್ನು ಬಹುಕಾಲದಿಂದ, ಬಹಿರಂಗವಾಗಿ, ಕಾಯಿದೆಯ ಮುಖಾಂತರ ನಡೆಸಿಕೊಂಡು ಬಂದ ದೇಶವೆಂದರೆ ಅಮೆರಿಕದ ಸಂಯುಕ್ತ ಸಂಸ್ಥಾನ. ಆ ದೇಶದ ಎಲ್ಲ ನಡತೆಯೂ ನಮಗೆ ಮಾದರಿಯೆಂದು ನಾವೇನೂ ಹೇಳುವವರಲ್ಲ. ಆದರೂ ಈ ಒಂದು ವಿಷಯದಲ್ಲಿ ಅವರು ಎಡವಿದುದನ್ನೂ ಎದ್ದುದನ್ನೂ ತಿಳಿದುಕೊಂಡರೆ ನಮ್ಮ ದಾರಿ ಸ್ವಲ್ಪ ಸುಗಮವಾದೀತು.

೧೮೬೧ರಿಂದ ೧೮೬೫ರ ವರೆಗೆ ಅಲ್ಲಿ ನಡೆದ ಅಂತರ್ಯುದ್ಧದಲ್ಲಿ ಭರ್ತಿಯಾದವರಿಗೆ ಗುರುತಿನ ಚೀಟಿಯೆಂಬುದೇ ಇರಲಿಲ್ಲ. ಸಿಪಾಯಿಯು ಹೇಳಿದ್ದೇ ಹೆಸರು. ಬರಹಗಾರನು ಬರೆದದ್ದೇ ಕಾಗುಣಿತ. ಹದಿನೆಂಟು ತುಂಬದ ಹುಡುಗರು ತಂದೆಯ ಕಣ್ಣಿಗೆ ಬೀಳದಿರಲೆಂದು ಬೇರೆಯ ಹೆಸರು ಕೊಟ್ಟರು. ಹೊರದೇಶಗಳಿಂದ ಬಂದವರ ಹೆಸರುಗಳು ಆಂಗ್ಲ ಕಿವಿಗೆ ಹಿಡಿಯುವಂತೆ ಮೊಟಕಾದವು. ಕರಿಯ ಜನರು ಸುಮಾರು ೧,೭೯,೦೦೦ ಮಂದಿ ಉತ್ತರದ ಸೈನ್ಯದಲ್ಲಿ ದುಡಿದರು. ಅವರಲ್ಲಿ ದಾಸ್ಯದಿಂದ ಬಿಡಿಸಿಕೊಂಡು ಬಂದ ಅನೇಕರನ್ನು ಹಳೆಯ ಒಡೆಯನ ಮನೆತನದ ಹೆಸರಿನಿಂದಲೇ ಬರೆದುಕೊಳ್ಳಲಾಯಿತು. ಯುದ್ಧವು ಮುಗಿದ ಮೇಲೆ ಅವರು ದಾಸ್ಯವನ್ನು ಕಳಚಿದಂತೆಯೇ ಆ ಹೆಸರನ್ನೂ ಕಳಚಿ, ತಂದೆಯ ಹೆಸರನ್ನೋ ತಮಗೆ ಇಷ್ಟವಾದ ಹೆಸರನ್ನೋ ಇಟ್ಟುಕೊಂಡರು. ಮುಂದೆ ಪಿಂಚಣಿಯ ಕಾಲ ಬಂದಾಗ ಅರ್ಜಿಯಲ್ಲಿದ್ದ ಹೆಸರಿಗೂ ಸೈನ್ಯದ ಪಟ್ಟಿಯಲ್ಲಿದ್ದ ಹೆಸರಿಗೂ ತಾಳೆಯಾಗಲಿಲ್ಲ. ಸರಕಾರದ ಪರೀಕ್ಷಾಧಿಕಾರಿಗಳು ಊರೂರಿಗೆ ಹೋಗಿ, ಹಳೆಯ ಜೊತೆಗಾರರನ್ನು ಹುಡುಕಿ, ಇವನೇ ಅವನಹುದೇ ಎಂದು ಪ್ರಮಾಣ ಮಾಡಿಸಿ ಬರೆದುಕೊಂಡರು. ಒಬ್ಬ ವ್ಯಕ್ತಿಗೆ ಎರಡು ಹೆಸರುಗಳನ್ನು ಜೋಡಿಸಿ ಬರೆದ ಕಡತಗಳು ಆ ದೇಶದ ದಫ್ತರಖಾನೆಯಲ್ಲಿ ಇಂದಿಗೂ ಹೇರಳವಾಗಿವೆ.

ಇವುಗಳಲ್ಲಿ ಒಂದು ಪ್ರಸಂಗವು ಸ್ವಾರಸ್ಯವಾದುದು. ಕೆನಡಾ ಸೀಮೆಯಲ್ಲಿ ಹುಟ್ಟಿದ ಸಾರಾ ಎಮ್ಮಾ ಎಡ್ಮಂಡ್ಸ್ ಎಂಬ ಹೆಂಗಸು ಗಂಡುಡುಗೆಯನ್ನು ತೊಟ್ಟು, ಫ್ರಾಂಕ್ಲಿನ್ ಥಾಮ್ಸನ್ ಎಂಬ ಹೆಸರಿನಿಂದ ೧೮೬೧ರಲ್ಲಿ ಮಿಚಿಗನ್ ಪ್ರಾಂತದ ಎರಡನೆಯ ಕಾಲಾಳು ದಳವನ್ನು ಸೇರಿದಳು. ೧೮೬೩ರಲ್ಲಿ ಚಳಿಜ್ವರ ಬಂದು, ಆಸ್ಪತ್ರೆಗೆ ಹೋದರೆ ಗುಟ್ಟು ರಟ್ಟಾಗುವುದೆಂದು ಹೆದರಿ, ದಳವನ್ನು ಬಿಟ್ಟುಹೋದಳು. ದಾಖಲೆಯಲ್ಲಿ ಥಾಮ್ಸನ್ ಎಂಬ ಸಿಪಾಯಿಯು ಓಡಿಹೋದವನೆಂದು ಬರೆಯಲ್ಪಟ್ಟಿತು. ತರುವಾಯ ಮದುವೆಯಾಗಿ ಸೀಲಿ ಎಂಬ ಮನೆತನದವಳಾದ ಆಕೆ, ತಾನೇ ಆ ಸಿಪಾಯಿಯೆಂದು ಅರಿಕೆ ಮಾಡಿಕೊಂಡಳು. ದಳದ ಹಳೆಯ ಜೊತೆಗಾರರು ಅಹುದೆಂದು ಸಾಕ್ಷಿ ನುಡಿದರು. ಆಗ ಅದನ್ನು ಸರಿಪಡಿಸುವ ಅಧಿಕಾರವು ಯಾವ ಕಚೇರಿಗೂ ಇರಲಿಲ್ಲವಾದ ಕಾರಣ, ೧೮೮೪ನೆಯ ಜುಲೈ ತಿಂಗಳಲ್ಲಿ ಆ ದೇಶದ ಮಹಾಸಭೆಯಾದ ಕಾಂಗ್ರೆಸ್ಸೇ ಒಂದು ವಿಶೇಷ ಕಾಯಿದೆಯನ್ನು ಮಾಡಿ, ಎರಡು ಹೆಸರುಗಳನ್ನೂ ಕಾಣಿಸಿ, ಆಕೆಗೆ ತಿಂಗಳಿಗೆ ೧೨ ಡಾಲರುಗಳ ಪಿಂಚಣಿಯನ್ನು ವಿಧಿಸಿತು. ಓಡಿಹೋದವಳೆಂಬ ಕಲಂಕವು ೧೮೮೬ರಲ್ಲಿ ಅಳಿಸಲ್ಪಟ್ಟಿತು. ಒಬ್ಬ ಸೈನಿಕಳ ಹೆಸರು ಸರಿಯಾಗುವುದಕ್ಕೆ ಒಂದು ರಾಷ್ಟ್ರದ ಶಾಸನಸಭೆಯೇ ಕೂಡಬೇಕಾಯಿತೆಂದರೆ ಆ ಕಾಲದ ತೊಡಕು ಎಷ್ಟಿತ್ತೆಂಬುದು ತಿಳಿಯುವುದು.

ಒಬ್ಬೊಬ್ಬರಿಗೆ ಒಂದೊಂದು ಕಾಯಿದೆ ಮಾಡುವುದು ಸಾಗದ ಮಾತು. ಆದುದರಿಂದ ೧೮೯೦ನೆಯ ಏಪ್ರಿಲ್ ತಿಂಗಳಲ್ಲಿ ಕಾಂಗ್ರೆಸ್ಸು ಒಂದು ಸಾಮಾನ್ಯ ಕಾಯಿದೆಯನ್ನು ಅಂಗೀಕರಿಸಿತು. ಅಂತರ್ಯುದ್ಧದಲ್ಲಿ, ಎಳೆಯ ವಯಸ್ಸಿನಲ್ಲಾಗಲಿ ಬೇರೆ ರೀತಿಯಿಂದಾಗಲಿ, ಕಲ್ಪಿತ ನಾಮದಿಂದ ಸೇರಿ, ಮರ್ಯಾದೆಯಿಂದ ಬಿಡುಗಡೆ ಹೊಂದಿದವರು ಅರ್ಜಿ ಹಾಕಿ, ತಾವೇ ಅವರೆಂದು ರುಜುವಾತು ಕೊಟ್ಟರೆ, ಯುದ್ಧಮಂತ್ರಿಯೂ ನೌಕಾಮಂತ್ರಿಯೂ ಅವರ ನಿಜನಾಮದಲ್ಲಿ ಬಿಡುಗಡೆ ಪತ್ರವನ್ನು ಕೊಡತಕ್ಕದ್ದೆಂದು ಅದು ವಿಧಿಸಿತು. ಕೊಡಬಹುದು ಎಂದಲ್ಲ, ಕೊಡತಕ್ಕದ್ದು ಎಂದು. ಈ ಎರಡು ಮಾತುಗಳ ನಡುವೆ ಎಷ್ಟು ಅಂತರವಿದೆಯೆಂಬುದನ್ನು ಕಚೇರಿಗಳ ಮೆಟ್ಟಿಲು ಹತ್ತಿದವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಧಿಯು ಇಂದಿಗೂ ಆ ದೇಶದ ಸೈನ್ಯ ಸಂಬಂಧದ ಕಾಯಿದೆಗಳ ಸಂಹಿತೆಯಲ್ಲಿ, ಹತ್ತನೆಯ ಭಾಗದ ೧೫೫೧ನೆಯ ಕಲಮಿನಲ್ಲಿ ಉಳಿದುಬಂದಿದೆ. ಅನ್ಯರೊಡನೆ ನಡೆದ ಯುದ್ಧದ ಕಾಲದಲ್ಲಿ ಕಲ್ಪಿತ ನಾಮದಿಂದ ಸೇವೆ ಮಾಡಿ ಗೌರವದಿಂದ ಹೊರಬಂದವರಿಗೆ ನಿಜನಾಮದ ಪತ್ರವನ್ನು ಕೊಡತಕ್ಕದ್ದು. ಆದರೆ ಅಪರಾಧವನ್ನು ಮರೆಸುವುದಕ್ಕಾಗಲಿ ಅದರ ಫಲವನ್ನು ತಪ್ಪಿಸಿಕೊಳ್ಳುವುದಕ್ಕಾಗಲಿ ಇಟ್ಟುಕೊಂಡ ಹೆಸರಾಗಿದ್ದರೆ ಕೊಡಲಾಗದು. ನೋಡಿರಿ, ಎಷ್ಟು ಸರಳವಾದ ನ್ಯಾಯ! ಸುಳ್ಳು ಹೆಸರು ಹೇಳಿದ್ದೇ ಅಪರಾಧವೆಂದು ಆ ಶಾಸನವು ಭಾವಿಸುವುದಿಲ್ಲ. ಹೆಸರು ಸುಳ್ಳಾಗಿದ್ದರೂ ಸೇವೆಯು ನಿಜವಾಗಿತ್ತೆಂಬುದನ್ನು ಅದು ಕಾಣುತ್ತದೆ. ಮೋಸಗಾರನನ್ನು ಮಾತ್ರ ಬಾಗಿಲಲ್ಲಿ ತಡೆಯುತ್ತದೆ.

ನಿಜನಾಮವೆಂದರೆ ಯಾವುದೆಂಬ ಪ್ರಶ್ನೆಯು ಎಲ್ಲ ಸಲವೂ ಇಷ್ಟು ಸುಲಭವಲ್ಲ. ಐರ್ಲೆಂಡಿನಲ್ಲಿ ಜೆನ್ನಿ ಹಾಜರ್ಸ್ ಎಂಬ ಹೆಣ್ಣಾಗಿ ಹುಟ್ಟಿದ ವ್ಯಕ್ತಿಯು ಅಲ್ಬರ್ಟ್ ಕ್ಯಾಷಿಯರ್ ಎಂಬ ಹೆಸರಿನಿಂದ ೧೮೬೨ರಲ್ಲಿ ಇಲಿನಾಯ್ ಪ್ರಾಂತದ ೯೫ನೆಯ ದಳಕ್ಕೆ ಸೇರಿ, ಮೂರು ವರ್ಷ ಕಾದಾಡಿ, ಯುದ್ಧಾನಂತರವೂ ಬದುಕೆಲ್ಲ ಪುರುಷನಾಗಿಯೇ ಇದ್ದನು. ೧೯೧೧ರಲ್ಲಿ ಮೋಟಾರು ಅಪಘಾತದಲ್ಲಿ ಕಾಲು ಮುರಿದಾಗ ಗುಟ್ಟು ವೈದ್ಯರಿಗೆ ತಿಳಿಯಿತು. ಕೆಲಕಾಲದ ಮೇಲೆ ಎಲ್ಲರಿಗೂ ತಿಳಿಯಿತು. ಪಿಂಚಣಿ ಇಲಾಖೆಯವರು ಮೋಸವಿರಬಹುದೆಂದು ವಿಚಾರಣೆ ಹೂಡಿದರು. ವೃದ್ಧರಾಗಿದ್ದ ಹಳೆಯ ಸಿಪಾಯಿಗಳು ಬಂದು, ನಮ್ಮೊಡನೆ ಕಾದಿದ ಕ್ಯಾಷಿಯರ್ ಇವನೇ ಎಂದು ಗುರುತಿಸಿದರು. ಪಿಂಚಣಿಯು ನಿಲ್ಲಲಿಲ್ಲ. ೧೯೧೫ರಲ್ಲಿ ಮರಣ ಹೊಂದಿದಾಗ ಸೈನಿಕನ ಉಡುಪಿನಲ್ಲಿ ಹೂಳಿ, ಕಲ್ಲಿನ ಮೇಲೆ ದಳದ ಹೆಸರಿನೊಡನೆ ಕ್ಯಾಷಿಯರ್ ಎಂಬ ಹೆಸರನ್ನೇ ಕೆತ್ತಿದರು. ಸೀಲಿ ಎಂಬ ಹೆಂಗಸಿಗೆ ಬೇಕಾದದ್ದು ಹುಟ್ಟುಹೆಸರಿನ ನ್ಯಾಯ. ಕ್ಯಾಷಿಯರನಿಗೆ ಬೇಕಾದದ್ದು ಬಾಳಿದ ಹೆಸರಿನ ನ್ಯಾಯ. ಎರಡು ಸಂದರ್ಭಗಳಲ್ಲಿಯೂ ತೀರ್ಪನ್ನು ನಡೆಸಿದ್ದು ಜೊತೆಗಾರರ ಸಾಕ್ಷಿ. ಇವರು ದುಡಿದದ್ದು ನಿಜವೇ ಎಂಬುದನ್ನೇ ಅವರು ಮೊದಲು ಹೇಳಿದರು. ಹೆಸರಿನ ಮಾತು ಆಮೇಲೆ ಬಂದಿತು.

ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳ ತರುವಾಯ ದಾಖಲೆಗಳ ತಪ್ಪುಗಳನ್ನು ತಿದ್ದಿಸಿಕೊಳ್ಳಬೇಕೆಂಬ ಖಾಸಗಿ ಮಸೂದೆಗಳ ಹೊರೆಯನ್ನು ಹೊರಲಾರದೆ, ಕಾಂಗ್ರೆಸ್ಸು ೧೯೪೬ರ ಕಾಯಿದೆಯಿಂದ ಅಂಥ ಮಸೂದೆಗಳನ್ನೇ ನಿಷೇಧಿಸಿ, ಸೈನ್ಯದ ದಾಖಲೆಗಳ ತಪ್ಪನ್ನೂ ಅನ್ಯಾಯವನ್ನೂ ಸರಿಪಡಿಸುವ ಅಧಿಕಾರವನ್ನು ಆಯಾ ಇಲಾಖೆಯ ಮಂತ್ರಿಗಳಿಗೆ ಒಪ್ಪಿಸಿತು. ಅವರು ಸೇನಾಧಿಕಾರಿಗಳಲ್ಲದ ನಾಗರಿಕರ ಮಂಡಲಿಗಳ ಮುಖಾಂತರ ಇದನ್ನು ನಡೆಸತಕ್ಕದ್ದು. ಭೂಸೈನ್ಯಕ್ಕೊಂದು, ನೌಕಾಸೈನ್ಯಕ್ಕೊಂದು, ವಾಯುಸೈನ್ಯಕ್ಕೊಂದು, ಕರಾವಳಿ ಕಾವಲಿಗೊಂದು ಹೀಗೆ ಮಂಡಲಿಗಳಿವೆ. ಅರ್ಜಿಯ ನಮೂನೆಗೆ ೧೪೯ ಎಂಬ ಸಂಖ್ಯೆ. ಅದಕ್ಕೆ ಶುಲ್ಕವಿಲ್ಲ. ತಪ್ಪು ತಿಳಿದುಬಂದ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಬೇಕು. ಆದರೂ ನ್ಯಾಯಕ್ಕಾಗಿ ಮಂಡಲಿಯು ತಡವನ್ನು ಮನ್ನಿಸಬಹುದು. ಸಿಪಾಯಿಯು ತೀರಿಕೊಂಡಿದ್ದರೆ ಅವನ ವಾರಸುದಾರರೂ ಅರ್ಜಿ ಹಾಕಬಹುದು. ಸಾಕ್ಷ್ಯವನ್ನು ಕೂಡಿಸಿ ಕೊಡುವ ಭಾರವು ಅರ್ಜಿದಾರನ ಮೇಲಿರುತ್ತದೆ.

೧೯೫೦ರಿಂದ ಅಲ್ಲಿಯ ಎಲ್ಲ ದಳಗಳಿಗೂ ಒಂದೇ ಬಗೆಯ ಬಿಡುಗಡೆ ಪತ್ರವು ಜಾರಿಗೆ ಬಂದಿತು. ಅದರ ಸಂಖ್ಯೆ ಡಿ.ಡಿ. ೨೧೪. ಆ ದೇಶದ ಮಾಜಿ ಸಿಪಾಯಿಗಳಿಗೆ ಈ ಮೂರು ಅಂಕಿಗಳು ಸ್ವಂತ ಮನೆಯ ಸಂಖ್ಯೆಯಷ್ಟೇ ಪರಿಚಿತ. ಕೆಲಸಕ್ಕೆ ಹೋದರೂ, ಮನೆಯ ಸಾಲ ಕೇಳಿದರೂ, ಸೈನಿಕರ ಸ್ಮಶಾನದಲ್ಲಿ ಜಾಗ ಬೇಡಿದರೂ ಮೊದಲು ಕೇಳುವುದು ಇದನ್ನೇ. ಇದರಲ್ಲಿ ಸಣ್ಣ ತಪ್ಪಿದ್ದರೆ ೨೧೫ ಎಂಬ ಸಂಖ್ಯೆಯ ತಿದ್ದುಪಡಿಯ ಹಾಳೆಯನ್ನು ಕೊಡುವರು; ಮೂಲಪತ್ರವು ಹಾಗೆಯೇ ಇದ್ದು, ತಿದ್ದುಪಡಿಯು ಅದರ ಬೆನ್ನಿಗೆ ಅಂಟಿಕೊಂಡಿರುತ್ತದೆ.

ದಾಖಲೆಯನ್ನು ಜೋಪಾನ ಮಾಡುವ ಸರಕಾರದ ಹೊಣೆ ಎಂಥದೆಂಬುದನ್ನು ಅಲ್ಲಿಯ ಒಂದು ಅನಾಹುತವು ತೋರಿಸಿಕೊಟ್ಟಿತು. ೧೯೭೩ನೆಯ ಜುಲೈ ೧೨ರಂದು ಸೇಂಟ್ ಲೂಯಿಸ್ ನಗರದ ಬಳಿಯ ಸೈನಿಕ ದಾಖಲೆಗಳ ಕೇಂದ್ರಕ್ಕೆ ಬೆಂಕಿ ಬಿದ್ದು, ಒಂದು ಕೋಟಿ ಅರವತ್ತು ಲಕ್ಷದಿಂದ ಒಂದು ಕೋಟಿ ಎಂಬತ್ತು ಲಕ್ಷದಷ್ಟು ಕಡತಗಳು ನಾಶವಾದವು. ಅವುಗಳಿಗೆ ಪ್ರತಿಗಳಿರಲಿಲ್ಲ. ೧೯೧೨ರಿಂದ ೧೯೬೦ರ ವರೆಗೆ ಭೂಸೈನ್ಯವನ್ನು ಬಿಟ್ಟವರ ಕಡತಗಳಲ್ಲಿ ನೂರಕ್ಕೆ ಸುಮಾರು ೮೦ ಬೂದಿಯಾದವು. ವಾಯುಸೈನ್ಯದ ಕಡತಗಳಲ್ಲಿ ಯಾವುದು ಉಳಿಯಿತು, ಯಾವುದು ಬೆಂದಿತೆಂಬುದು ಅಕಾರಾದಿಯಂತೆ ನಿಶ್ಚಯವಾಯಿತು: ಹಬ್ಬರ್ಡ್ ಎಂಬ ಹೆಸರಿನಿಂದ ಮುಂದಿನ ಅಕ್ಷರಗಳವರಿಗೇ ನಷ್ಟ. ಆ ದಿನದಿಂದ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಯ ತಳದಲ್ಲಿದ್ದ ಒಂದು ಬಿಡುಗಡೆ ಪತ್ರವೇ ಸೇವೆಗೆ ಉಳಿದ ಸಾಕ್ಷಿಯಾಯಿತು. ದಾಖಲೆಯು ಪವಿತ್ರವೆಂದು ಸಿಪಾಯಿಗೆ ಬೋಧಿಸುವ ಸರಕಾರವು, ಆ ಪವಿತ್ರತೆಯನ್ನು ಕಾಯುವ ಹೊಣೆಯು ತನ್ನ ಮೇಲೂ ಇದೆಯೆಂಬುದನ್ನು ಮರೆಯಬಾರದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಸೇವೆಯಲ್ಲಿದ್ದಾಗ ಬರೆದ ಹೆಸರೇ ತಪ್ಪಾಗಿದ್ದರೆ ಮಂಡಲಿಯವರು ತಿದ್ದಿಸುತ್ತಾರೆ. ಆದರೆ ಸೇವೆಯು ಮುಗಿದ ಮೇಲೆ, ನ್ಯಾಯಾಲಯದ ಆಜ್ಞೆಯಿಂದಲೋ ವಿವಾಹದಿಂದಲೋ ಹೆಸರು ಬದಲಾದರೆ? ಇಲ್ಲಿ ಭೂಸೈನ್ಯದ ಮಂಡಲಿಯು ಬಹುಕಾಲ ಒಂದೇ ಉತ್ತರವನ್ನು ಕೊಡುತ್ತ ಬಂದಿತು. ದಾಖಲೆಯು ಅದು ಹುಟ್ಟಿದ ದಿನದ ಸ್ಥಿತಿಯನ್ನು ತೋರಿಸಬೇಕು. ಅಂದು ಆ ಹೆಸರೇ ಸರಿಯಾಗಿತ್ತು. ಆದುದರಿಂದ ಅದರಲ್ಲಿ ತಪ್ಪೂ ಇಲ್ಲ, ಅನ್ಯಾಯವೂ ಇಲ್ಲ. ಅರ್ಜಿದಾರನ ಸಮಾಧಾನಕ್ಕಾಗಿ, ಎರಡು ಹೆಸರುಗಳೂ ಒಬ್ಬನವೇ ಎಂಬುದು ಗೊತ್ತಾಗುವಂತೆ ಈ ನಿರ್ಣಯದ ಪ್ರತಿಯನ್ನು ಕಡತದಲ್ಲಿ ಸೇರಿಸುತ್ತೇವೆಂದು ಅನೇಕ ಸಲ ಹೇಳಿತು. ಸಾಕ್ಷಿಯ ಕರ್ತವ್ಯವೇನೋ ಇದರಿಂದ ನೆರವೇರಿತು. ಆದರೆ ಕಡತವು ದಫ್ತರದಲ್ಲಿರುತ್ತದೆ. ಕೆಲಸ ಕೊಡುವ ಯಜಮಾನನ ಮುಂದೆ ಸಿಪಾಯಿಯು ಹಿಡಿದು ನಿಲ್ಲುವುದು ಕೈಯಲ್ಲಿರುವ ಪತ್ರವನ್ನು. ಬೀಗದ ಕೈಯ ಮಾತು ಹಾಗೆಯೇ ಉಳಿಯಿತು.

ಈ ಉತ್ತರದ ಬಿರುಸು ಎಲ್ಲರಿಗಿಂತ ಹೆಚ್ಚಾಗಿ ತಟ್ಟಿದ್ದು ಲಿಂಗಾಂತರಿಗಳಿಗೆ. ಪುರುಷನ ಹೆಸರಿನಿಂದ ಸೇವೆ ಮಾಡಿ, ತರುವಾಯ ನ್ಯಾಯಾಲಯದ ಮೂಲಕ ಹೆಸರು ಬದಲಾಯಿಸಿಕೊಂಡು ಸ್ತ್ರೀಯಾಗಿ ಬಾಳುವವಳು ಪ್ರತಿಸಲ ಆ ಪತ್ರವನ್ನು ತೋರಿಸಿದಾಗಲೂ ತನ್ನ ಬಾಳಿನ ಅಂತರಂಗವನ್ನು ಅಪರಿಚಿತ ಗುಮಾಸ್ತನ ಮುಂದೆ ಬಿಚ್ಚಿಡಬೇಕಾಗುತ್ತದೆ. ಕೆಲಸ ತಪ್ಪಬಹುದು, ಅವಮಾನವಾಗಬಹುದು, ಪತ್ರವೇ ನಕಲಿಯೆಂಬ ಸಂಶಯವೂ ಬರಬಹುದು. ಕೆಲವರು ಇದಕ್ಕೆ ಹೆದರಿ, ತಾವು ದೇಶಕ್ಕಾಗಿ ದುಡಿದ ವರ್ಷಗಳನ್ನೇ ಬಾಯಿಬಿಟ್ಟು ಹೇಳದಂತಾದರು. ಕಡೆಗೆ ೨೦೧೪ನೆಯ ನವೆಂಬರಿನಲ್ಲಿ ಭೂಸೈನ್ಯದ ಮಂಡಲಿಯು ಇಂಥ ಇಬ್ಬರು ಮಾಜಿ ಸೈನಿಕ ಸ್ತ್ರೀಯರ ಅರ್ಜಿಗಳನ್ನು ಮನ್ನಿಸಿ, ಅವರ ಈಗಿನ ಹೆಸರಿನಲ್ಲಿ ಬಿಡುಗಡೆ ಪತ್ರವನ್ನು ಕೊಡಬೇಕೆಂದು ನಿರ್ಣಯಿಸಿತು. ಬರೆದ ದಿನ ತಪ್ಪಾಗಿರದ ಅಕ್ಷರವೂ ಮುಂದೆ ಅನ್ಯಾಯಕ್ಕೆ ಕಾರಣವಾಗಬಹುದೆಂಬುದನ್ನು ಆ ನಿರ್ಣಯವು ಒಪ್ಪಿದಂತಾಯಿತು. ಇದೊಂದು ದೊಡ್ಡ ಹೆಜ್ಜೆಯೆಂದೇ ನಾವು ಭಾವಿಸುತ್ತೇವೆ.

ಆದರೆ ಮಂಡಲಿಯ ಕೃಪೆಯು ಬೇರೆ, ಕಾಯಿದೆಯ ಬಲವು ಬೇರೆ. ೧೮೯೦ರ ವಿಧಿಯಂತೆ ಇಲ್ಲಿ ಕೊಡತಕ್ಕದ್ದೆಂಬ ಶಾಸನವಿಲ್ಲ. ಒಂದೊಂದು ಅರ್ಜಿಯೂ ಪ್ರತ್ಯೇಕವಾದ ವಿಚಾರಣೆಗೆ ಒಳಪಡಬೇಕು. ರಾಜಕೀಯದ ಗಾಳಿಯಂತೂ ಬಲವಾಗಿ ತಿರುಗಿದೆ. ೨೦೨೫ನೆಯ ಜನವರಿಯಲ್ಲಿ ಹೊರಟ ಅಧ್ಯಕ್ಷಾಜ್ಞೆಯು ಲಿಂಗಾಂತರಿಗಳ ಸೈನಿಕ ಸೇವೆಗೇ ಅಡ್ಡಿಯೊಡ್ಡಿತು. ವ್ಯಾಜ್ಯವು ನಡೆಯುತ್ತಿರುವಾಗಲೇ ಆ ನೀತಿಯನ್ನು ಆಚರಣೆಗೆ ತರಬಹುದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಮೇ ತಿಂಗಳಲ್ಲಿ ಹೇಳಿತು. ಮುಂದೆ ಯಾರು ಸೇರಬೇಕು, ಯಾರು ಸೇರಬಾರದೆಂಬುದು ಒಂದು ಚರ್ಚೆ. ಆಗಲೇ ದುಡಿದು ಹೊರಬಂದವರ ಪತ್ರವು ಹೇಗಿರಬೇಕೆಂಬುದು ಬೇರೊಂದು ಚರ್ಚೆ. ಮೊದಲನೆಯದರ ಕೋಪವನ್ನು ಎರಡನೆಯದರ ಮೇಲೆ ತೀರಿಸುವುದು ನ್ಯಾಯವಲ್ಲ. ಸಂದ ಸೇವೆಯು ಸರಕಾರದ ಮೇಲಣ ಋಣ, ಋಣಕ್ಕೆ ಪಕ್ಷಭೇದವಿಲ್ಲ.

ಪ್ರತಿಪಕ್ಷದವರ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕೇಳಿದವರಿಗೆಲ್ಲ ಹೊಸ ಹೆಸರಿನ ಪತ್ರವನ್ನು ಕೊಟ್ಟರೆ ಇತಿಹಾಸವು ಕೆಡುವುದೆಂದೂ, ಒಬ್ಬನ ಸೇವೆಯನ್ನು ಇನ್ನೊಬ್ಬನು ಕದಿಯುವನೆಂದೂ, ಸಾಲಗಾರನೂ ಅಪರಾಧಿಯೂ ಹೆಸರಿನ ಮರೆಯಲ್ಲಿ ಅಡಗುವರೆಂದೂ ಅವರು ಹೇಳುತ್ತಾರೆ. ಭಯವು ನಿಜವಾದುದೇ. ಅದಕ್ಕೆ ಉತ್ತರವು ಆ ದೇಶದ ಹಳೆಯ ಕಾಯಿದೆಯಲ್ಲಿಯೇ ಇದೆ: ರುಜುವಾತನ್ನು ಕೇಳು, ಅಪರಾಧವನ್ನು ಮರೆಸುವವನಿಗೆ ಕೊಡಬೇಡ, ಉಳಿದವರಿಗೆ ಕೊಡು. ಮೂಲಪತ್ರವನ್ನು ಹರಿದು ಹಾಕಿರೆಂದು ಯಾರೂ ಹೇಳುತ್ತಿಲ್ಲ. ಅದು ಕಡತದಲ್ಲಿರಲಿ, ಎರಡು ಹೆಸರುಗಳ ಸಂಬಂಧವನ್ನು ಕಾಣಿಸುವ ಟಿಪ್ಪಣಿಯೂ ಅದರೊಡನೆ ಇರಲಿ, ನೂರು ವರ್ಷಗಳ ಮೇಲೆ ಬರುವ ಇತಿಹಾಸಕಾರನು ಎರಡನ್ನೂ ಓದಲಿ. ಆದರೆ ಬದುಕಿರುವ ಮನುಷ್ಯನು ಬದುಕಿನ ವ್ಯವಹಾರಕ್ಕಾಗಿ ಹಿಡಿದು ತಿರುಗುವ ಪತ್ರವು ಅವನು ಬದುಕುತ್ತಿರುವ ಹೆಸರಿನಲ್ಲಿರಲಿ. ಸಾಕ್ಷಿಯು ದಫ್ತರದಲ್ಲಿರಲಿ, ಬೀಗದ ಕೈಯು ಮನೆಯವನ ಕೈಯಲ್ಲಿರಲಿ. ಎರಡು ಕರ್ತವ್ಯಗಳಿಗೂ ಒಂದೇ ಹಾಳೆಯನ್ನು ಕಟ್ಟಿಹಾಕಿದ್ದರಿಂದಲೇ ಈ ಜಗಳವೆಲ್ಲ ಹುಟ್ಟಿತು.

ಇದನ್ನೆಲ್ಲ ಓದಿದ ಮೇಲೆ ನಮ್ಮ ನಾಡಿನ ಕಡೆಗೆ ತಿರುಗಿ ನೋಡಿದರೆ ಹೆಸರಿನ ತೊಡಕು ನಮ್ಮಲ್ಲಿ ಇನ್ನೂ ಜಟಿಲವೆಂದು ಕಾಣುವುದು. ಕನ್ನಡಿಗನ ಹೆಸರಿಗೆ ಊರು ಸೇರುತ್ತದೆ, ತಂದೆ ಸೇರುತ್ತಾನೆ, ಮನೆತನ ಸೇರುತ್ತದೆ. ದಕ್ಷಿಣದ ಜಿಲ್ಲೆಗಳಲ್ಲಿ ಇವೆಲ್ಲ ಒಂದೆರಡು ಮೊದಲಕ್ಷರಗಳಾಗಿ ಮುಂದೆ ನಿಲ್ಲುತ್ತವೆ. ಉತ್ತರದ ಜಿಲ್ಲೆಗಳಲ್ಲಿ ಪೂರ್ಣವಾಗಿ ಹಿಂದೆ ನಿಲ್ಲುತ್ತವೆ. ಬಸವಪ್ಪನು ಬಸಪ್ಪನಾಗುವುದು ನಮಗೆ ಬಾಯಿಮಾತಿನ ಸಲಿಗೆ. ಗಣಕಯಂತ್ರಕ್ಕೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಬೆಳಗಾವಿಯ ಮರಾಠಾ ಪದಾತಿ ದಳದ ಕೇಂದ್ರದಲ್ಲಾಗಲಿ, ಬೆಂಗಳೂರಿನ ಮದರಾಸು ಇಂಜಿನಿಯರ್ ದಳದ ಕೇಂದ್ರದಲ್ಲಾಗಲಿ ಭರ್ತಿಯಾದವರ ಹೆಸರುಗಳು ಕನ್ನಡದಿಂದ ಆಂಗ್ಲಕ್ಕೂ, ಆಂಗ್ಲದಿಂದ ಹಿಂದಿಗೂ ಹೋಗಿಬರುವಷ್ಟರಲ್ಲಿ ದೀರ್ಘವು ಹ್ರಸ್ವವಾಗುತ್ತದೆ, ಒತ್ತಕ್ಷರವು ಉದುರುತ್ತದೆ. ಪಿಂಚಣಿಯ ಲೆಕ್ಕವೆಲ್ಲ ಕಾಗದದಿಂದ ಸ್ಪರ್ಶ್ ಎಂಬ ಗಣಕ ವ್ಯವಸ್ಥೆಗೆ ಬಂದಿರುವ ಈ ಕಾಲದಲ್ಲಿ, ಹಿಂದೆ ಪರಿಚಯದ ಗುಮಾಸ್ತನು ಮುಖ ನೋಡಿ ಬಿಟ್ಟುಕೊಡುತ್ತಿದ್ದ ಅಕ್ಷರಭೇದವನ್ನು ಯಂತ್ರವು ಬಿಟ್ಟುಕೊಡಲಾರದು.

ಆದುದರಿಂದ ನಮ್ಮ ಮಾಜಿ ಸೈನಿಕರಿಗೂ ಅವರ ಮಕ್ಕಳಿಗೂ ನಾವು ಮಾಡುವ ಬಿನ್ನಹವಿಷ್ಟೆ. ಬಿಡುಗಡೆ ಪುಸ್ತಕವನ್ನು ಇಂದೇ ತೆಗೆದು, ಪಿಂಚಣಿಯ ಆದೇಶ, ಆಧಾರ್, ಬ್ಯಾಂಕಿನ ಪುಸ್ತಕ ಇವುಗಳೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿರಿ. ಮಡದಿಯ ಹೆಸರನ್ನೂ ಜನ್ಮದಿನವನ್ನೂ ಮರೆಯದೆ ನೋಡಿರಿ. ಸಿಪಾಯಿಯು ಇರುವಾಗ ಒಂದು ಸಹಿಯಿಂದ ಮುಗಿಯುವ ಕೆಲಸವು ವಿಧವೆಗೆ ವರ್ಷಗಟ್ಟಲೆಯ ಅಲೆದಾಟವಾದೀತು. ಭೇದವು ಕಂಡರೆ ಮೂಲಪತ್ರದ ಮೇಲೆ ನೀವಾಗಿ ಲೇಖನಿಯನ್ನು ಹಾಯಿಸಬೇಡಿರಿ. ಸದುದ್ದೇಶದ ತಿದ್ದುಪಡಿಯೂ ಕಚೇರಿಯ ಕಣ್ಣಿಗೆ ಕೃತ್ರಿಮವೆಂದೇ ತೋರುವುದು. ದೃಢೀಕರಿಸಿದ ನಕಲುಗಳನ್ನು ಮಾಡಿಸಿ, ಪ್ರಮಾಣಪತ್ರದೊಡನೆ ನಿಮ್ಮ ದಳದ ದಾಖಲೆ ಕಚೇರಿಗೆ ಬರೆಯಿರಿ. ಜಾಹೀರಾತೂ ರಾಜಪತ್ರದ ಪ್ರಕಟಣೆಯೂ ಬೇಕೋ ಬೇಡವೋ ಎಂಬುದನ್ನು ಅಲ್ಲಿಂದ ಲಿಖಿತವಾಗಿ ತಿಳಿದುಕೊಂಡ ಮೇಲೆಯೇ ಹಣವನ್ನು ವೆಚ್ಚ ಮಾಡಿರಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಸಹಾಯವನ್ನು ಕೇಳಲು ಸಂಕೋಚ ಬೇಡ. ಅದು ಇರುವುದೇ ನಿಮಗಾಗಿ.

ಅಧಿಕಾರಸ್ಥರಾದ ವಾಚಕರಿಗೂ ಒಂದು ಮಾತು. ಮೇಜಿನ ಆಚೆಗೆ ನಿಂತ ವೃದ್ಧನು ಸುಳ್ಳುಗಾರನೆಂಬ ಊಹೆಯಿಂದ ವಿಚಾರಣೆಯನ್ನು ಪ್ರಾರಂಭಿಸಬೇಡಿರಿ. ಭರ್ತಿಯ ದಿನ ಅವನ ಹೆಸರನ್ನು ಬರೆದವನು ಅವನಲ್ಲ. ನಿಮ್ಮ ಕಚೇರಿಯಂಥದೇ ಒಂದು ಕಚೇರಿ. ರುಜುವಾತನ್ನು ಅವಶ್ಯವಾಗಿ ಕೇಳಿರಿ. ಆದರೆ ಒಂದೇ ಸಲಕ್ಕೆ, ಒಂದೇ ಪಟ್ಟಿಯಲ್ಲಿ ಕೇಳಿರಿ. ಇದಕ್ಕೆ ಹೊಸ ಕಾಯಿದೆಯೂ ಬೇಡ, ಹೊಸ ಖರ್ಚೂ ಬೇಡ.

ಇಷ್ಟು ಉಪದೇಶ ಮಾಡಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುವುದು ಧರ್ಮ. ಆ ವೃದ್ಧರ ಜಾಹೀರಾತಿನ ಕರಡು ಅಚ್ಚಿನಿಂದ ಬಂದಾಗ ನಾವೇ ಅದನ್ನು ನೋಡಿದೆವು. ಅವರ ಹೊಸ ಹೆಸರಿನಲ್ಲಿ ಒಂದು ಒತ್ತಕ್ಷರವು ಬಿಟ್ಟುಹೋಗಿತ್ತು. ಹಾಗೆಯೇ ಅಚ್ಚಾಗಿದ್ದರೆ ಮೂರು ಹೆಸರುಗಳಿದ್ದ ಅವರಿಗೆ ನಾವು ನಾಲ್ಕನೆಯದೊಂದನ್ನು ದಯಪಾಲಿಸುತ್ತಿದ್ದೆವು. ಅದಕ್ಕೆ ಹಣವನ್ನೂ ಪಡೆಯುತ್ತಿದ್ದೆವು. ತಿದ್ದಿ ಕಳುಹಿಸಿ, ಎರಡನೆಯ ಕರಡನ್ನೂ ತರಿಸಿ ನೋಡಿದೆವು. ಅಂದಿನಿಂದ ಆ ಅಂಕಣದ ಕರಡನ್ನು ಬೇರೆಯವರ ಕೈಗೆ ಬಿಡದೆ ನಾವೇ ನೋಡುತ್ತಿದ್ದೇವೆ.